ಹುಕುಂ ಸಾಲಿನಲ್ಲಿ ಸುರಪುರ

ಸುರಪುರದ ಹೆಸರನ್ನು ಇಂಗ್ಲಿಷಿನಲ್ಲಿ ಬರೆದವರೆಲ್ಲ ತಂತಮ್ಮ ಕಿವಿಗೆ ಬಿದ್ದಂತೆ ಬರೆದಿದ್ದಾರೆ. ಫಿಲಿಪ್ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಕೊನೆಗೆ ಎರಡು 'ಓ' ಜೋಡಿಸಿ ಅದನ್ನು ಶೋರಾಪೂರ್ ಮಾಡಿದ. ಮುಂದಿನ ಗೆಜೆಟಿಯರುಗಳಲ್ಲಿ ಆ ಎರಡು 'ಓ' ಹೋಗಿ ಒಂದು 'ಯು' ಬಂತು. ವಿಧಾನಸಭಾ ಕ್ಷೇತ್ರಗಳ ಪಟ್ಟಿಯಲ್ಲಿ ಅದು ಇವತ್ತಿಗೂ ಶೋರಾಪುರ, ನಮ್ಮ ಬಾಯಲ್ಲಿ ಸುರಪುರ. ಊರನ್ನು ಆಳಿದ ಬೇಡರ ಗತಿಯೂ ಅಷ್ಟೆ. ಟೇಲರ್‌ಗೆ ಅವರು 'ಬೇಯ್ಡರ್', ಮೊಘಲ್ ಚರಿತ್ರೆಕಾರರಿಗೆ 'ಬೇರಡ್', ಗೆಜೆಟಿಯರ್ ಬರೆದವರಿಗೆ 'ಬೇಡರ್'. 1705ರಲ್ಲಿ ಔರಂಗಜೇಬನೇ ಬಂದು ನಿಂತು ಮುತ್ತಿಗೆ ಹಾಕಿದ ವಾಗಣಗೇರಾ ಕೋಟೆಯ ನಡುವಿನ ಅಕ್ಷರ ಒಬ್ಬರಲ್ಲಿ 'ಜಿ', ಇನ್ನೊಬ್ಬರಲ್ಲಿ 'ಕೆ'.

ಪುಸ್ತಕ ಹಿಡಿದು ಓದುವವನಿಗೆ ಇದು ತೊಡಕಲ್ಲ. ಕಣ್ಣು ತಾನಾಗಿಯೇ ಹೊಂದಿಸಿಕೊಳ್ಳುತ್ತದೆ. ತೊಡಕು ಶುರುವಾಗುವುದು ಓದಬೇಕಾದದ್ದು ಹತ್ತು ಸಾವಿರ ಪುಟ ದಾಟಿದಾಗ. ನನ್ನ ಸಂಶೋಧನೆ ಹತ್ತೊಂಬತ್ತನೆಯ ಶತಮಾನದ ನಡುಭಾಗದ ಸುರಪುರ ಸಂಸ್ಥಾನದ ಮೇಲೆ. ಅದಕ್ಕೆ ಬೇಕಾದ ಇಂಗ್ಲಿಷ್ ಪುಸ್ತಕಗಳಲ್ಲಿ ಎಷ್ಟೋ ಈಗ ಹಕ್ಕುಸ್ವಾಮ್ಯ ಮುಗಿದು ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಪುಟಗಳ ಫೋಟೊ ಜೊತೆಗೆ, ಯಂತ್ರ ಓದಿ ಬರೆದ ಬರಿ ಅಕ್ಷರದ ಫೈಲೂ ಇರುತ್ತದೆ. ಇಳಿಸಿಕೊಳ್ಳುವುದು ಸುಲಭ. ಇಳಿಸಿಕೊಂಡ ಮೇಲೆ ಅಷ್ಟರಲ್ಲಿ ರಾಣಿ ಈಶ್ವರಮ್ಮ ಎಲ್ಲಿದ್ದಾಳೆ, ಬೋನಾಳ ಕೆರೆ ಎಲ್ಲಿದೆ, ಯಾವ ವರ್ಷ ಯಾರು ಕಂದಾಯ ಎತ್ತಿದರು ಎಂದು ಹುಡುಕುವುದು ಹೇಗೆ? ನನ್ನ ಹಳೆಯ ಲ್ಯಾಪ್‌ಟಾಪು ನಾಲ್ಕು ಫೈಲು ಒಟ್ಟಿಗೆ ತೆರೆದರೆ ಉಸಿರುಗಟ್ಟುತ್ತಿತ್ತು. ಶಹಾಪುರದ ಗೆಳೆಯನೊಬ್ಬ ಅದರಲ್ಲಿದ್ದದ್ದನ್ನು ಒರೆಸಿ ಲಿನಕ್ಸ್ ಹಾಕಿಕೊಟ್ಟ. ದುಡ್ಡು ಕೊಡಬೇಕಿಲ್ಲ, ಹಳೆಯ ಯಂತ್ರದ ಮೇಲೂ ಓಡುತ್ತದೆ. ಆಮೇಲೆ ಒಂದು ಕಪ್ಪು ಕಿಟಕಿ ತೆರೆದು, "ಇನ್ ಮ್ಯಾಲ ಇದರಾಗ ಬರದು ಹೇಳು, ಕೇಳ್ತದ" ಎಂದ.

ಆ ಕಪ್ಪು ಕಿಟಕಿಗೆ ಟರ್ಮಿನಲ್ ಎನ್ನುತ್ತಾರೆ. ಚಿತ್ರಗಳಿಲ್ಲ, ಒತ್ತುವ ಗುಂಡಿಗಳಿಲ್ಲ. ಮಿನುಗುವ ಒಂದು ಗುರುತು ಇರುತ್ತದೆ, ಅದರ ಮುಂದೆ ಬರೆಯಬೇಕು. ಬರೆದದ್ದಕ್ಕೆ ಕಮಾಂಡ್ ಎಂದು ಹೆಸರು. ಕನ್ನಡದ ಕಂಪ್ಯೂಟರ್ ಬರಹಗಳಲ್ಲಿ ಇದನ್ನು 'ಆದೇಶ' ಎಂದು ಬರೆಯುತ್ತಾರೆ. ನನಗೆ ನಮ್ಮ ಕಡೆಯ 'ಹುಕುಂ' ಹೆಚ್ಚು ಹೊಂದುತ್ತದೆ ಎನಿಸುತ್ತದೆ. ಅರಬ್ಬಿಯಿಂದ ಫಾರಸಿಗೆ, ಅಲ್ಲಿಂದ ಉರ್ದುವಿಗೆ, ಅಲ್ಲಿಂದ ತಹಶೀಲ್ ಕಚೇರಿಯ ಮೆಟ್ಟಿಲಿಳಿದು ಹೊಲಕ್ಕೆ ಬಂದ ಶಬ್ದ ಅದು. 'ಬಗರ್ ಹುಕುಂ' ಎಂದರೆ ಹುಕುಂ ಇಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಭೂಮಿ ಎಂದು ಶಾಲೆ ಕಲಿಯದವರಿಗೂ ಗೊತ್ತು. ಹುಕುಮಿನಲ್ಲಿ ಒಂದು ಅಕ್ಷರ ಆಚೀಚೆಯಾದರೆ ಅರ್ಜಿ ವಾಪಸ್ಸು ಬರುತ್ತದೆ ಎಂಬುದೂ ಗೊತ್ತು. ಟರ್ಮಿನಲ್ಲಿನ ಸ್ವಭಾವವೂ ಹಾಗೇ.

ಸುರಪುರದಲ್ಲಿ ನಮ್ಮ ಓಣಿಯ ಮುತ್ಯಾ ಒಬ್ಬರಿದ್ದಾರೆ, ವಯಸ್ಸು ತೊಂಬತ್ತರ ಹತ್ತಿರ. ಪೊಲೀಸ್ ಕಾರ್ಯಾಚರಣೆಗಿಂತ ಮೊದಲು ಉರ್ದು ಶಾಲೆಗೆ ಹೋದವರು. ನಾನು ಕಟ್ಟೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಕೂತಿದ್ದಾಗ ಬಗ್ಗಿ ನೋಡಿದರು.

"ಏನ್ ಮಾಡ್ಲಾಕತ್ತಿ ತಮ್ಮಾ? ಚಿತ್ರಾನೇ ಇಲ್ಲ ಇದರಾಗ."

"ಬರದು ಹೇಳಬೇಕು ಮುತ್ಯಾ ಇದಕ್ಕ. ಅದರ ಭಾಷಾದಾಗ ಹೇಳಿದ್ರ ಅಷ್ಟ ಕೇಳ್ತದ."

"ಹಂಗಾದ್ರ ನಿಜಾಮನ ಕಚೇರಿ ಇದ್ದಂಗ ಅದ ಬಿಡು," ಎಂದರು. "ಕನ್ನಡದಾಗ ಎಷ್ಟ ಅತ್ರೂ ಕೇಳ್ತಿರಲಿಲ್ಲ. ಉರ್ದುದಾಗ ಎರಡ ಸಾಲ ಬರಸಿಕೊಂಡ್ ಒಯ್ದ್ರ ಕೆಲಸ ಆಗ್ತಿತ್ತು."

ಮುತ್ಯಾ ಹೇಳಿದ್ದು ತಮಾಷೆಗಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ಆಡಳಿತದ ಭಾಷೆ 1880ರ ದಶಕದಲ್ಲಿ ಫಾರಸಿಯಿಂದ ಉರ್ದುವಿಗೆ ತಿರುಗಿತು. 1948ರ ಸೆಪ್ಟೆಂಬರ್‌ವರೆಗೂ ಯಾದಗಿರಿ, ಶಹಾಪುರ, ಸುರಪುರದ ಕಚೇರಿ, ಕೋರ್ಟು ನಡೆದದ್ದು ಆ ಭಾಷೆಯಲ್ಲಿ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಪಠ್ಯ ಒದಗಿಸಲು ಒಂದು ಭಾಷಾಂತರ ಕಚೇರಿಯೇ ಇತ್ತು. ಗಣಿತ, ಕಾನೂನು, ವೈದ್ಯಕ್ಕೆ ಬೇಕಾದ ಪಾರಿಭಾಷಿಕಗಳನ್ನೆಲ್ಲ ಅಲ್ಲಿ ಉರ್ದುವಿನಲ್ಲಿ ಕಟ್ಟಿದರು. ಕನ್ನಡ ಮನೆಯಲ್ಲಿ ಉಳಿಯಿತು. ಭೂಮಿಯ ಕಾಗದ ಓದಲು ಬಾರದವನು ತನ್ನ ಹೊಲದ ಬಗ್ಗೆ ಇನ್ನೊಬ್ಬನನ್ನು ಕೇಳಬೇಕಾಯಿತು. ಈ ಹೋಲಿಕೆ ನನ್ನ ತಲೆಯಲ್ಲಿ ಬಹಳ ದಿನ ಉಳಿದುಕೊಂಡಿತು.

ನಾನು ಕಲಿತ ಮೊದಲ ಹುಕುಂ 'ಪಿಡಬ್ಲ್ಯುಡಿ'. ಕರ್ನಾಟಕದಲ್ಲಿ ಹುಟ್ಟಿದವರು ಈ ಮೂರಕ್ಷರ ಕೇಳಿದರೆ ರಸ್ತೆಯ ಗುಂಡಿ ನೆನೆಯುತ್ತಾರೆ. ಇಲ್ಲಿ ಅದರ ಅರ್ಥ 'ನಾನೀಗ ಯಾವ ಕಡತದ ಪೆಟ್ಟಿಗೆಯಲ್ಲಿ ನಿಂತಿದ್ದೇನೆ, ಹೇಳು'. ಉತ್ತರವಾಗಿ ಓರೆ ಗೀಟುಗಳಿಂದ ಬೇರ್ಪಟ್ಟ ಒಂದು ದಾರಿ ಬರುತ್ತದೆ. ದೊಡ್ಡದರಿಂದ ಸಣ್ಣದಕ್ಕೆ ಹೋಗುವ ದಾರಿ. ನಮ್ಮ ಪಹಣಿ ತೆಗೆಯುವ ಕ್ರಮವೇ ಇದು: ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು. 'ಭೂಮಿ' ತಂತ್ರಾಂಶದಲ್ಲಿ ಒಂದಾದ ಮೇಲೊಂದು ಆರಿಸಿ ಹೊಲ ಮುಟ್ಟುವವರಿಗೆ ಲಿನಕ್ಸಿನ ದಾರಿ ಹೊಸದಲ್ಲ. 'ಎಲ್‌ಎಸ್' ಎಂದರೆ ಇಲ್ಲಿ ಏನೇನಿದೆ ತೋರಿಸು. 'ಸಿಡಿ' ಎಂದರೆ ಬೇರೆ ಪೆಟ್ಟಿಗೆಗೆ ಹೋಗು. 'ಸಿಪಿ' ನಕಲು, 'ಎಂವಿ' ಜಾಗ ಬದಲು, 'ಆರ್‌ಎಂ' ಅಳಿಸು. ಕೊನೆಯದು ಸಾಮಾನ್ಯವಾಗಿ ಮತ್ತೆ ಕೇಳುವುದಿಲ್ಲ, ಕಸದ ಬುಟ್ಟಿಯಲ್ಲೂ ಇಡುವುದಿಲ್ಲ. ಕೆಲಸ ಸರಿಯಾಗಿ ಆದರೆ ಟರ್ಮಿನಲ್ 'ಆಯಿತು' ಎಂದೂ ಅನ್ನುವುದಿಲ್ಲ. ತಪ್ಪಾದರೆ ಮಾತ್ರ ಬಾಯಿ ಬಿಡುತ್ತದೆ.

ಹುಕುಮುಗಳು ಇಷ್ಟು ಮೊಟಕಾಗಿರುವುದಕ್ಕೆ ಕಾರಣವಿದೆ. 1969ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯವು ಮಲ್ಟಿಕ್ಸ್ ಎಂಬ ಭಾರಿ ಯೋಜನೆಯಿಂದ ಹೊರಬಂತು. ಅದರಲ್ಲಿ ದುಡಿದಿದ್ದ ಕೆನ್ ಥಾಂಪ್ಸನ್ ಮೂಲೆಯಲ್ಲಿದ್ದ ಪಿಡಿಪಿ-7 ಎಂಬ ಸಣ್ಣ ಯಂತ್ರವನ್ನು ಹಿಡಿದುಕೊಂಡ. ಹೆಂಡತಿ ಮಗುವನ್ನು ಕರೆದುಕೊಂಡು ಮೂರು ವಾರ ಊರಿಗೆ ಹೋಗಿದ್ದಾಗ, ವಾರಕ್ಕೊಂದರಂತೆ ಮುಖ್ಯ ಭಾಗಗಳನ್ನು ಬರೆದು ಮುಗಿಸಿದ ಎಂಬುದು ಯುನಿಕ್ಸಿನ ಹುಟ್ಟಿನ ಕಥೆ. ಡೆನಿಸ್ ರಿಚಿ ಜೊತೆಗೂಡಿದ. ಆಗ ಪರದೆಯ ಬಳಕೆ ವಿರಳ. ಇದ್ದದ್ದು ಟೆಲಿಟೈಪ್, ಅಂದರೆ ತಂತಿ ಕಚೇರಿಯ ಟೈಪ್‌ರೈಟರಿನ ತಮ್ಮ. ಆ ಕಾಲದಲ್ಲಿ ಎಲ್ಲೆಡೆ ಇದ್ದ ಮಾದರಿ ಸೆಕೆಂಡಿಗೆ ಹತ್ತು ಅಕ್ಷರ ಮಾತ್ರ ಕಾಗದದ ಮೇಲೆ ಕುಟ್ಟುತ್ತಿತ್ತು. ಒಂದೊಂದು ಕೀಲಿಯನ್ನೂ ಬಲವಾಗಿ ಒತ್ತಬೇಕು. ಅಂಥ ಯಂತ್ರದ ಮುಂದೆ ಕೂತವರು ಉದ್ದದ ಹೆಸರು ಇಡುತ್ತಾರೆಯೇ? ಐವತ್ತು ವರ್ಷ ಕಳೆದು, ಮೋಡಿ ಅಕ್ಷರದಂತೆ ಮೊಟಕಾದ ಆ ಬರಹವನ್ನು ನಾವು ಸುರಪುರದಲ್ಲಿ ಕೂತು ಕಲಿಯುತ್ತಿದ್ದೇವೆ. ನಾವು ಬಳಸುವ ಲಿನಕ್ಸನ್ನು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬೇರೆಯಾಗಿ ಬರೆದ. ಆದರೆ ಹುಕುಮುಗಳ ಹೆಸರು, ನಡತೆ ಯುನಿಕ್ಸಿನವೇ.

ಸಾಹಿತ್ಯದ ವಿದ್ಯಾರ್ಥಿಗಳು ಕೇಳಬೇಕಾದ ಸಂಗತಿ ಇದರ ಮುಂದಿನದು. ಥಾಂಪ್ಸನ್ ಮತ್ತು ರಿಚಿಗೆ ದೊಡ್ಡ ಯಂತ್ರ ಬೇಕಿತ್ತು, ಹೊಸ ಆಪರೇಟಿಂಗ್ ಸಿಸ್ಟಂ ಬರೆಯಲು ದುಡ್ಡು ಕೊಡಲು ಆಡಳಿತ ತಯಾರಿರಲಿಲ್ಲ. ಬರಹವನ್ನು ತಿದ್ದಿ ಅಚ್ಚುಕಟ್ಟಾಗಿ ಜೋಡಿಸುವ ವ್ಯವಸ್ಥೆ ಮಾಡಿಕೊಡುತ್ತೇವೆ ಎಂದು ಒಪ್ಪಿಸಿ ಅವರು ಪಿಡಿಪಿ-11 ಪಡೆದರು. ಯುನಿಕ್ಸಿನ ಮೊದಲ ಗಿರಾಕಿಗಳು ಪ್ರಯೋಗಾಲಯದ ಪೇಟೆಂಟ್ ವಿಭಾಗದ ಟೈಪಿಸ್ಟರು. ಸಾಲುಗಳಿಗೆ ಸಂಖ್ಯೆ ಹಾಕಿದ ಅರ್ಜಿಗಳನ್ನು ಅವರು ಅದರಲ್ಲಿ ಟೈಪು ಮಾಡಿದರು. ಅಂದರೆ ಈ ವ್ಯವಸ್ಥೆ ಅನ್ನ ಸಂಪಾದಿಸಿದ್ದು ಗಣಿತದಿಂದಲ್ಲ, ಗುಮಾಸ್ತಿಕೆಯಿಂದ. ಬರಹದ ಸಾಲೇ ಅದರ ಮೂಲ ಸರಕು. ಇವತ್ತಿಗೂ ಅದರ ಬಹುಪಾಲು ಸಲಕರಣೆಗಳು ಸಾಲು ಸಾಲಾಗಿ ಓದುತ್ತವೆ, ಸಾಲು ಸಾಲಾಗಿ ಉತ್ತರ ಕೊಡುತ್ತವೆ.

ಆ ಸಲಕರಣೆಗಳನ್ನು ಒಂದಕ್ಕೊಂದು ಜೋಡಿಸುವ ಉಪಾಯ ಡಗ್ ಮೆಕಿಲ್‌ರಾಯ್‌ನದು. ತೋಟದ ನೀರಿನ ಕೊಳವೆಗಳನ್ನು ತಿರುವಿ ಸೇರಿಸುವಂತೆ ಪ್ರೋಗ್ರಾಮುಗಳನ್ನು ಸೇರಿಸುವಂತಿರಬೇಕು ಎಂದು ಆತ 1964ರಲ್ಲೇ ಒಂದು ಟಿಪ್ಪಣಿ ಬರೆದಿದ್ದ. 1973ರಲ್ಲಿ ಥಾಂಪ್ಸನ್ ಅದನ್ನು ಯುನಿಕ್ಸಿಗೆ ಸೇರಿಸಿದ. ಒಂದು ನೇರ ಗೀಟು, ಅದರ ಹೆಸರು ಪೈಪ್. ಗೀಟಿನ ಎಡಗಡೆಯ ಹುಕುಂ ಹೊರಹಾಕಿದ್ದು ಬಲಗಡೆಯದಕ್ಕೆ ಹರಿಯುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ತೂಬಿನಿಂದ ತೂಬಿಗೆ ಇಳಿದು ಹೊಲ ಸೇರುವುದನ್ನು ಕಂಡ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಪುಸ್ತಕದಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ತಿಳಿಯಬೇಕೆನ್ನಿ. 'ಟಿಆರ್' ಪದಗಳನ್ನು ಒಡೆದು ಸಾಲಿಗೊಂದರಂತೆ ಇಡುತ್ತದೆ. 'ಸಾರ್ಟ್' ಅಕಾರಾದಿಯಾಗಿ ನಿಲ್ಲಿಸುತ್ತದೆ. 'ಯುನಿಕ್' ಪಕ್ಕಪಕ್ಕದಲ್ಲಿರುವ ಒಂದೇ ಪದಗಳನ್ನು ಒಟ್ಟುಮಾಡಿ ಎಣಿಸುತ್ತದೆ. ಇನ್ನೊಮ್ಮೆ 'ಸಾರ್ಟ್' ಹೆಚ್ಚು ಬಂದದ್ದನ್ನು ಮೇಲಕ್ಕೆ ತರುತ್ತದೆ. 1986ರಲ್ಲಿ ಡೊನಾಲ್ಡ್ ನೂತ್ ಎಂಬ ದೊಡ್ಡ ವಿದ್ವಾಂಸ ಇದೇ ಲೆಕ್ಕಕ್ಕೆ ಹಲವು ಪುಟಗಳ ಸೊಗಸಾದ ಪ್ರೋಗ್ರಾಮು ಬರೆದು ಪ್ರಕಟಿಸಿದಾಗ, ವಿಮರ್ಶೆ ಬರೆಯಲು ಕೂತ ಮೆಕಿಲ್‌ರಾಯ್ ಆರು ಹುಕುಂ ಪೈಪಿನಲ್ಲಿ ಪೋಣಿಸಿ ತೋರಿಸಿದ. ನಮ್ಮ ವಿಮರ್ಶಾಲೋಕದಲ್ಲಿ ಇಂಥ ಚುರುಕು ಅಪರೂಪ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು 'ಗ್ರೆಪ್'. ಫೈಲುಗಳ ರಾಶಿಯಲ್ಲಿ ಕೇಳಿದ ಪದವಿರುವ ಸಾಲುಗಳನ್ನಷ್ಟೆ ಎತ್ತಿಕೊಡುವ ಹುಕುಂ ಅದು. ಬ್ರಯನ್ ಕರ್ನಿಘನ್ ಅದರ ಹುಟ್ಟಿನ ಕಥೆ ಹೇಳಿದ್ದಾರೆ. ಲೀ ಮೆಕ್‌ಮಹನ್ ಎಂಬ ಸಹೋದ್ಯೋಗಿಗೆ ಫೆಡರಲಿಸ್ಟ್ ಲೇಖನಗಳನ್ನು ಪರಿಶೀಲಿಸಬೇಕಿತ್ತು. 1787-88ರಲ್ಲಿ ಅಮೆರಿಕದ ಸಂವಿಧಾನದ ಪರವಾಗಿ ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ಬಂದ ಲೇಖನಗಳವು, ಒಟ್ಟು 85. ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಎಂಬ ಮೂವರು 'ಪಬ್ಲಿಯಸ್' ಎಂಬ ಒಂದೇ ಅಂಕಿತದಲ್ಲಿ ಬರೆದರು. ಹನ್ನೆರಡು ಲೇಖನಗಳನ್ನು ಬರೆದವನು ಹ್ಯಾಮಿಲ್ಟನ್ನನೋ ಮ್ಯಾಡಿಸನ್ನನೋ ಎಂಬ ಜಗಳ ಒಂದೂವರೆ ಶತಮಾನ ನಡೆಯಿತು. ಮೆಕ್‌ಮಹನ್ ಕೈಲಿದ್ದ ಆ ಲೇಖನಗಳ ಫೈಲು, 'ಎಡ್' ಎಂಬ ಆಗಿನ ತಿದ್ದುವ ಸಲಕರಣೆಯ ಹೊಟ್ಟೆಗೆ ಹಿಡಿಸಲಿಲ್ಲ. ಹುಡುಕುವ ಭಾಗವನ್ನು ಎಡ್‌ನಿಂದ ಕಿತ್ತು ಥಾಂಪ್ಸನ್ ಒಂದು ರಾತ್ರಿಯಲ್ಲಿ ಬೇರೆ ಹುಕುಂ ಮಾಡಿಕೊಟ್ಟ. ಎಡ್‌ನಲ್ಲಿ 'ಎಲ್ಲ ಕಡೆ ಈ ಮಾದರಿಯನ್ನು ಹುಡುಕಿ ಅಚ್ಚು ಹಾಕು' ಎನ್ನಲು ಬಳಸುತ್ತಿದ್ದ ಅಕ್ಷರಗಳೇ ಕೂಡಿ ಗ್ರೆಪ್ ಎಂಬ ಹೆಸರಾಯಿತು. ಮೆಕಿಲ್‌ರಾಯ್ ನೆನೆಯುವ ಕಥೆಯಲ್ಲಿ ಕೇಳಿದವನು ತಾನೇ, ಕಾರಣವೂ ಬೇರೆ. ಬರೆದಿಡುವುದೇ ಕಸುಬಾದ ಪ್ರಯೋಗಾಲಯದಲ್ಲಿ ಒಂದು ರಾತ್ರಿಯ ಕೆಲಸಕ್ಕೆ ಎರಡು ಚರಿತ್ರೆ. 1858ರ ಸುರಪುರದ ಬಗ್ಗೆ ಒಂದೇ ಚರಿತ್ರೆ ಕೇಳುವವರಿಗೆ ಇದನ್ನು ಹೇಳಬೇಕು.

ಫೆಡರಲಿಸ್ಟ್ ಜಗಳವನ್ನು ಬಹುಮಟ್ಟಿಗೆ ಬಗೆಹರಿಸಿದ್ದು 1960ರ ದಶಕದಲ್ಲಿ ಮೋಸ್ಟೆಲರ್ ಮತ್ತು ವ್ಯಾಲೆಸ್ ಎಂಬ ಸಂಖ್ಯಾಶಾಸ್ತ್ರಜ್ಞರು. ಅವರು ನೋಡಿದ್ದು ದೊಡ್ಡ ವಿಚಾರಗಳನ್ನಲ್ಲ, ಯಾರ ಗಮನಕ್ಕೂ ಬಾರದ ಸಣ್ಣ ಪದಗಳನ್ನು. 'ಮೇಲೆ' ಎನ್ನಲು ಹ್ಯಾಮಿಲ್ಟನ್ 'ಅಪಾನ್' ಎಂದು ಮತ್ತೆ ಮತ್ತೆ ಬರೆಯುತ್ತಾನೆ, ಮ್ಯಾಡಿಸನ್ ಬರೆಯುವುದು ಅಪರೂಪ. ಲೆಕ್ಕ ಮ್ಯಾಡಿಸನ್ ಕಡೆ ವಾಲಿತು. ಇದನ್ನು ಓದಿದಾಗ ನನಗೆ ಸುರಪುರ ತಾಲ್ಲೂಕಿನ ಮುದನೂರು ನೆನಪಾಯಿತು. ಆ ಊರಿನ ದೇವರ ದಾಸಿಮಯ್ಯ, 'ರಾಮನಾಥ' ಅಂಕಿತದ ಜೇಡರ ದಾಸಿಮಯ್ಯ ಇಬ್ಬರೂ ಒಬ್ಬರೇ, ಬೇರೆಯೇ ಎಂದು ನಮ್ಮ ವಿದ್ವಾಂಸರು ದಶಕಗಳಿಂದ ವಾದಿಸಿದ್ದಾರೆ. ಹುಕುಂ ಹಾಕಿ ಇದನ್ನು ತೀರ್ಮಾನಿಸಬಹುದು ಎಂದು ನಾನು ಹೇಳುತ್ತಿಲ್ಲ. ವಚನಗಳು ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಬರುವಾಗ ಸಣ್ಣ ಪದಗಳೇ ಮೊದಲು ಬದಲಾಗುತ್ತವೆ. ಮೇಲಾಗಿ ಕನ್ನಡದಲ್ಲಿ ಆ ಸಣ್ಣ ಪದಗಳು ಬಿಡಿಯಾಗಿ ನಿಲ್ಲುವುದಿಲ್ಲ, ಪ್ರತ್ಯಯವಾಗಿ ನಾಮಪದದ ಬಾಲಕ್ಕೆ ಅಂಟಿಕೊಂಡಿರುತ್ತವೆ. ಆದರೂ ಪದಪ್ರಯೋಗಗಳನ್ನು ಒಂದೆಡೆ ಕಾಣುವುದೇ ದೊಡ್ಡದು. 'ವಚನ ಸಂಚಯ' ಎಂಬ ತಾಣ ವಚನಗಳ ಮಟ್ಟಿಗೆ ಆ ಅನುಕೂಲ ಮಾಡಿಕೊಟ್ಟಿದೆ.

ಈಗ ಟೇಲರ್‌ಗೆ ಬರುತ್ತೇನೆ. ಆತ ಕಂಪನಿಯ ನೌಕರನಲ್ಲ, ನಿಜಾಮನ ಸೈನ್ಯದ ಅಧಿಕಾರಿ. ರಾಜಾ ವೆಂಕಟಪ್ಪ ನಾಯಕ ಇನ್ನೂ ಬಾಲಕನಾಗಿದ್ದಾಗ, 1840ರ ದಶಕದ ಆರಂಭದಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ. 1844ರಲ್ಲಿ ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆ 'ಟೇಲರ್ ಮಂಜಿಲ್' ಇನ್ನೂ ಇದೆ. ಆತನ ಆತ್ಮಕಥೆ ಅವನು ತೀರಿಕೊಂಡ ಮರುವರ್ಷ, 1877ರಲ್ಲಿ, ಮಗಳ ಸಂಪಾದನೆಯಲ್ಲಿ ಹೊರಬಂತು. ಸುರಪುರದ ಬಗ್ಗೆ ಬರೆಯುವವರೆಲ್ಲ ಆ ಪುಸ್ತಕದ ಬಾಗಿಲಿಂದಲೇ ಹೋಗುತ್ತಾರೆ, ನಾನೂ ಹಾಗೇ ಹೋದೆ. ಗ್ರೆಪ್‌ಗೆ ಒಂದು ಚಿಕ್ಕ ವ್ಯಾಕರಣವಿದೆ. ಒಂದು ಚುಕ್ಕೆ ಇಟ್ಟರೆ 'ಇಲ್ಲಿ ಯಾವ ಅಕ್ಷರವಾದರೂ ಸರಿ'. ಚೌಕ ಆವರಣದಲ್ಲಿ 'ಜಿ', 'ಕೆ' ಎರಡನ್ನೂ ಇಟ್ಟರೆ 'ಎರಡರಲ್ಲಿ ಒಂದು'. ವಾಗಣಗೇರಾದ ಎರಡು ರೂಪಗಳು ಹೀಗೆ ಒಂದೇ ಬಲೆಗೆ ಬಿದ್ದವು. ಎರಡು 'ಓ', ಒಂದು 'ಯು' ವ್ಯತ್ಯಾಸವೂ ಹೀಗೇ ಬಗೆಹರಿಯಿತು. ಸಾಲಿನ ಕೊನೆಯಲ್ಲಿ ಅಡ್ಡಗೆರೆ ಹಾಕಿ ಒಡೆದ ಹೆಸರುಗಳು ಮಾತ್ರ ಸಿಗುವುದಿಲ್ಲ, ಯಾಕೆಂದರೆ ಗ್ರೆಪ್ ಒಂದು ಸಾಲು ಬಿಟ್ಟು ಇನ್ನೊಂದಕ್ಕೆ ಕಣ್ಣು ಹಾಯಿಸುವುದಿಲ್ಲ. ಮೊದಲು ಆ ಒಡಕುಗಳನ್ನು ಕೂಡಿಸಬೇಕು. ಅದಕ್ಕೆ 'ಸೆಡ್' ಎಂಬ ಹುಕುಂ ಇದೆ. ಬರೆದವನು ಅದೇ ಮೆಕ್‌ಮಹನ್.

ಈಶ್ವರಮ್ಮನ ಹೆಸರನ್ನು ಹುಡುಕಿದಾಗ ಬೇರೊಂದು ಸಂಗತಿ ಕಾಣಿಸಿತು. ಗಂಡ ಕೃಷ್ಣಪ್ಪ ನಾಯಕ ತೀರಿಕೊಂಡ ಮೇಲೆ ಮಗನ ಪರವಾಗಿ ಅಧಿಕಾರ ಹಿಡಿದು, ಟೇಲರ್‌ನೊಂದಿಗೆ ವರ್ಷಗಟ್ಟಲೆ ಜಟಾಪಟಿ ನಡೆಸಿದ ಹೆಂಗಸು ಆಕೆ. ಟೇಲರ್‌ನ ಪುಟಗಳಲ್ಲಿ ಆಕೆ ಬರುವುದು ಹೆಚ್ಚಾಗಿ ಬರಿ 'ರಾಣಿ'. ಹೆಸರು ಹಿಡಿದು ಹೋದವನಿಗೆ ಆಕೆ ಬಹುತೇಕ ಇಲ್ಲ. ಪದವಿ ಹಿಡಿದು ಹೋದವನಿಗೆ ಸಿಗುತ್ತಾಳೆ. ಸಿಕ್ಕ ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ಓದಿದರೆ, ಟೇಲರ್ ಆಕೆಗೆ ಜೋಡಿಸುವ ವಿಶೇಷಣಗಳು, ಕ್ರಿಯಾಪದಗಳು ಮರೆಮಾಚದೆ ನಿಲ್ಲುತ್ತವೆ. ಪುಟದ ಹರಿವಿನಲ್ಲಿ ಓದುವಾಗ ಕಥೆಗಾರನ ಚಮತ್ಕಾರ ಅವನ್ನು ದಾಟಿಸಿಬಿಡುತ್ತದೆ. 'ಒಬ್ಬ ಠಕ್ಕನ ತಪ್ಪೊಪ್ಪಿಗೆ' ಎಂಬ ಕಾದಂಬರಿಯನ್ನು 1839ರಲ್ಲೇ ಬರೆದು ಹೆಸರು ಮಾಡಿದವನಿಗೆ ಕಥೆ ಹೇಳುವುದನ್ನು ಯಾರೂ ಕಲಿಸಬೇಕಿರಲಿಲ್ಲ. ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ಎದುರು ನಿಂತು, ಸೆರೆಸಿಕ್ಕಿ, ಚೆಂಗಲ್‌ಪಟ್ಟಿನ ಕಡೆ ಒಯ್ಯುತ್ತಿದ್ದಾಗ ಪಿಸ್ತೂಲಿನ ಗುಂಡಿಗೆ ಸತ್ತ. ಅದು ಆತನೇ ಹೊಡೆದುಕೊಂಡ ಗುಂಡು ಎಂದು ಟೇಲರ್ ಬರೆಯುತ್ತಾನೆ. ಇದನ್ನು ಒಪ್ಪದವರು ಸುರಪುರದಲ್ಲಿ ಇದ್ದಾರೆ. ಅವರ ಮಾತು ಯಾವ ಫೈಲಿನಲ್ಲಿದೆ?

ಕನ್ನಡದ ಕಡೆ ತಿರುಗಿದಾಗ ಹುಕುಮುಗಳಿಗೆ ಮೊದಲು ನ್ಯಾಯ ಹೇಳಬೇಕು. ಅವು ಹುಟ್ಟಿದ್ದು ಇಂಗ್ಲಿಷಿಗಾಗಿ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯುನಿಕೋಡಿನ ಮೊದಲ ಆವೃತ್ತಿ 1991ರಲ್ಲಿ ಬಂತು, ಅದರಲ್ಲೇ ಕನ್ನಡವೂ ಇತ್ತು. ಆ ಸಂಖ್ಯೆಗಳನ್ನು ಹಳೆಯ ಹುಕುಮುಗಳಿಗೆ ಧಕ್ಕೆಯಾಗದಂತೆ ಬೈಟ್‌ಗಳಲ್ಲಿ ಬರೆಯುವ ವಿಧಾನ ಯುಟಿಎಫ್-8. 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಅದನ್ನು ರೂಪಿಸಿದವರು ರಾಬ್ ಪೈಕ್ ಮತ್ತು ಅದೇ ಕೆನ್ ಥಾಂಪ್ಸನ್. ಗ್ರೆಪ್ ಬರೆದ ಕೈಯೇ ಇಪ್ಪತ್ತು ವರ್ಷದ ನಂತರ ಕನ್ನಡ ಗ್ರೆಪ್‌ಗೂ ದಾರಿ ಮಾಡಿತು, ಗೊತ್ತಿದ್ದಲ್ಲ. ಅದರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ನಮ್ಮ ಮೂರು ಊರುಗಳ ಹೆಸರನ್ನು 'ಡಬ್ಲ್ಯುಸಿ' ಎಂಬ ಎಣಿಸುವ ಹುಕುಮಿಗೆ ಕೊಟ್ಟರೆ ಸುರಪುರ 18 ಬೈಟ್, ಶಹಾಪುರ 18, ಯಾದಗಿರಿ 21. ಚಿಹ್ನೆಗಳ ಲೆಕ್ಕದಲ್ಲಿ ಆರು, ಆರು, ಏಳು. ಬಾಯಲ್ಲಿ ಹೇಳಿದರೆ ಮೂರಕ್ಕೂ ನಾಲ್ಕೇ ಅಕ್ಷರ. ಕಂಪ್ಯೂಟರು ಗುಣಿತವನ್ನು ಬಿಡಿಸಿ, ವ್ಯಂಜನ ಮೊದಲು, ಸ್ವರದ ಗುರುತು ಆಮೇಲೆ ಎಂದು ಇಟ್ಟುಕೊಳ್ಳುವುದರಿಂದ ಹೀಗೆ.

ಇದರಿಂದ ಲಾಭವೂ ಇದೆ. 'ಬೇಡರ' ಎಂದು ಹುಡುಕಿದರೆ 'ಬೇಡರು', 'ಬೇಡರಿಗೆ', 'ಬೇಡರನ್ನು' ಎಲ್ಲ ಬರುತ್ತವೆ. ಸ್ವರದ ಗುರುತು 'ರ'ದ ನಂತರ ತಾನೆ ಇರುವುದು. ಆದರೆ ಆಸೆಪಟ್ಟು ಇನ್ನೂ ಮೊಟಕು ಮಾಡಿ 'ಬೇಡ' ಎಂದರೆ ಕಥೆ ಬೇರೆ. ಕನ್ನಡದಲ್ಲಿ ಯಾರ್ಯಾರು ಏನೇನನ್ನು ಬೇಡ ಎಂದಿದ್ದಾರೋ ಅದೆಲ್ಲ ಸುರಿಯುತ್ತದೆ. ಬೇಡಿಕೆ, ಬೇಡಿಕೊಂಡ, ಬೇಡವಾದ ಎಲ್ಲವೂ. ಆ ರಾಶಿಯಲ್ಲಿ ಬೇಡ ನಾಯಕರನ್ನು ಹುಡುಕುವುದು ಮತ್ತೊಂದು ಸಂಶೋಧನೆ. ಕಣ್ಣಿಗೆ ಕಾಣದ ತೊಡಕುಗಳೂ ಇವೆ. 'ಟೇಲರ್‌ನ' ಎಂದು ಬರೆಯುವಾಗ ಒತ್ತಕ್ಷರವಾಗದಂತೆ ತಡೆಯಲು ನಡುವೆ ಅಗಲವೇ ಇಲ್ಲದ ಒಂದು ಗುರುತು ಹಾಕುತ್ತೇವೆ, ಗ್ರೆಪ್‌ಗೆ ಅದೂ ಒಂದು ಅಕ್ಷರ. 'ಕೋಟೆ'ಯ ಓಕಾರದ ದೀರ್ಘವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಹ್ರಸ್ವ ಮತ್ತು ದೀರ್ಘದ ಕೊಂಬು ಎಂದು ಎರಡಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ಕೋಟೆ, ಹುಕುಮಿಗೆ ಎರಡು ಬೇರೆ ಕೋಟೆ.

ಇಷ್ಟೆಲ್ಲ ಯುನಿಕೋಡಿನಲ್ಲಿದ್ದರೆ. ಸುರಪುರದ ಬಗ್ಗೆ ಕನ್ನಡದಲ್ಲಿ ಬರೆದದ್ದರಲ್ಲಿ ಯುನಿಕೋಡಿನಲ್ಲಿರುವುದು ಎಷ್ಟು? ಕಪಟರಾಳ ಕೃಷ್ಣರಾಯರ 'ಸುರಪುರ ಸಂಸ್ಥಾನದ ಇತಿಹಾಸ' ಕಾಗದದ ಮೇಲಿನ ಅಚ್ಚು. ಅದನ್ನು ಕೂತು ಓದಬೇಕು, ಓದಿದೆ. ಆಮೇಲಿನ ಮೂವತ್ತು ವರ್ಷಗಳ ಪ್ರಬಂಧಗಳು, ಸ್ಮರಣ ಸಂಚಿಕೆಗಳು, ಊರಿನ ಹಿರಿಯರು ಬರೆದ ಕಿರುಹೊತ್ತಿಗೆಗಳು ಟೈಪಾದದ್ದು ಡಿಟಿಪಿ ಅಂಗಡಿಗಳಲ್ಲಿ, ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ. ಆ ಫಾಂಟುಗಳು ಒಂದು ಕಾಲದಲ್ಲಿ ಕನ್ನಡವನ್ನು ಕಂಪ್ಯೂಟರಿನಲ್ಲಿ ಉಳಿಸಿದವು, ಅದನ್ನು ಮರೆಯಬಾರದು. ಅವು ಬಳಸಿದ ಉಪಾಯ ಮಾತ್ರ ಬೇರೆ: ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರಗಳನ್ನು ಕೂಡಿಸುವುದು. ನುಡಿಯ ಫಾಂಟು ತೆಗೆದು ನೋಡಿದರೆ 'ಕನ್ನಡ' ಎಂಬ ಪದ ದೊಡ್ಡ 'ಪಿ', ತಲೆಯ ಮೇಲೆ ಗೀರು ಇರುವ 'ಎ', ಬ್ರಿಟನ್ನಿನ ಪೌಂಡಿನ ಗುರುತು, ಮತ್ತೆ 'ಎ', ಜರ್ಮನರ ಒಂದು ಅಕ್ಷರ, ಚಿಕ್ಕ 'ಕ್ಯೂ', ಮತ್ತೆ 'ಎ'. ಮನುಷ್ಯನಿಗೆ ಕನ್ನಡ, ಯಂತ್ರಕ್ಕೆ ಯಾವ ಭಾಷೆಯೂ ಅಲ್ಲದ ಗೀಚು. ಟೇಲರ್‌ನ 1877ರ ಪುಸ್ತಕದಲ್ಲಿ ಒಂದು ಪದ ಹುಡುಕಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಹದಿನೈದು ವರ್ಷದ ಹಿಂದೆ ಶಹಾಪುರದಲ್ಲಿ ಟೈಪಾದ ಲೇಖನದಲ್ಲಿ ಅದೇ ಪದ ಸಿಗುವುದಿಲ್ಲ. ಹುಡುಕಿದರೆ ಸಿಗುವುದನ್ನೇ ಮುಂದಿನ ಸಂಶೋಧಕರು ಉಲ್ಲೇಖಿಸುತ್ತಾರೆ. ರಾಣಿ ಮತ್ತೆ ಬರಿ 'ರಾಣಿ'ಯಾಗಿಯೇ ಉಳಿಯುತ್ತಾಳೆ.

ಶಹಾಪುರದಲ್ಲಿ ಇಪ್ಪತ್ತು ವರ್ಷದಿಂದ ಡಿಟಿಪಿ ಅಂಗಡಿ ನಡೆಸುವವರೊಬ್ಬರನ್ನು ಕೇಳಿದೆ. ಮದುವೆ ಕಾರ್ಡಿನಿಂದ ಪಿಎಚ್‌ಡಿ ಪ್ರಬಂಧದವರೆಗೆ ಎಲ್ಲ ಟೈಪು ಮಾಡಿದವರು. "ಎಲ್ಲಾ ಅದಾವ್ರಿ ಸರ, ಒಂದೂ ತಗದಿಲ್ಲ. ಆದ್ರ ಯಾವ್ದು ಎಲ್ಲದ ಅಂತ ನಂಗೇ ಗೊತ್ತಿಲ್ರಿ," ಎಂದರು. ಪೆನ್‌ಡ್ರೈವಿಗೆ ಹಾಕಿಕೊಟ್ಟರು. ಫೈಲುಗಳ ಹೆಸರು 'ಹೊಸದು', 'ಹೊಸದು 2', 'ಫೈನಲ್', 'ಫೈನಲ್ ಫೈನಲ್', 'ಸರ್‌ದು'. ಹೆಸರಿನಿಂದ ಉಪಯೋಗವಿಲ್ಲ. ಮೊದಲು ಹಳೆಯ ವರ್ಡ್ ಫೈಲುಗಳನ್ನೆಲ್ಲ ಒಂದೇ ಹುಕುಮಿನಿಂದ ಬರಿ ಅಕ್ಷರದ ಫೈಲು ಮಾಡಿದೆ. ಆಮೇಲೆ ಸುರಪುರ ಎಂಬುದನ್ನು ನುಡಿಯ ಗೀಚಿನಲ್ಲೇ ಗ್ರೆಪ್‌ಗೆ ಕೊಟ್ಟೆ. ಜಪಾನಿನ ಯೆನ್ ನಾಣ್ಯದ ಗುರುತು ಅದರಲ್ಲಿ 'ಪ'ದ ಮೈ. ಕನ್ನಡ ಬಾರದ ಯಂತ್ರಕ್ಕೆ ಗೀಚು ಗೀಚೇ, ಹೊಂದಿದರೆ ಸಾಕು. ಸಾಲುಗಳು ಬಿದ್ದವು. 'ಈಶ್ವರಮ್ಮ' ಎಂಬುದನ್ನೂ ಹಾಗೇ ಕೊಟ್ಟೆ. ಒಂದು ಜಾತ್ರೆಯ ಸ್ಮರಣ ಸಂಚಿಕೆಗೆಂದು ಊರಿನ ಹಿರಿಯರೊಬ್ಬರು ಬರೆದುಕೊಟ್ಟಿದ್ದ ಆರು ಪುಟಗಳಲ್ಲಿ ಆ ಹೆಸರು ಮೊದಲ ಸಾಲಿನಿಂದ ಕೊನೆಯವರೆಗೆ ಇತ್ತು. ಅವರು ಕೇಳಿದ್ದನ್ನು ಬರೆದಿದ್ದಾರೆ, ಕಾಗದಪತ್ರ ನೋಡಿ ಬರೆದದ್ದಲ್ಲ. ಹೈದರಾಬಾದಿನ ದಾಖಲೆಗಳ ಜೊತೆ ತಾಳೆ ನೋಡದೆ ಅದನ್ನು ಪ್ರಬಂಧದಲ್ಲಿ ಸೇರಿಸಲಾಗದು. ಆದರೆ ತಾಳೆ ನೋಡಲು ಈಗ ಟೇಲರ್‌ನ ಎದುರಿಗೆ ಇಡುವಂಥದ್ದೊಂದು ಇದೆ.

ನುಡಿಯಿಂದ ಯುನಿಕೋಡಿಗೆ ತರುವ ಪರಿವರ್ತಕಗಳನ್ನು ಕನ್ನಡದ ಪ್ರೋಗ್ರಾಮರ್‌ಗಳು ಬರೆದು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಅವುಗಳಲ್ಲಿ ಕಾಡುವುದು ಅರ್ಕಾವೊತ್ತು. ನುಡಿಯಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ ಅಕ್ಷರದ ನಂತರ ಇರುತ್ತದೆ, ಯುನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ ಮುಂದೆ ಬರಬೇಕು. ಅದನ್ನು ಎತ್ತಿ ಮುಂದಿಡದಿದ್ದರೆ ವರ್ಷ, ಧರ್ಮ, ಕರ್ನಾಟಕ ಎಲ್ಲ ಕೆಡುತ್ತವೆ. ಕೆಟ್ಟ ಪದಗಳನ್ನು ಸಾರ್ಟ್, ಯುನಿಕ್ ಹಾಕಿ ಪಟ್ಟಿ ಮಾಡಿ, ಸೆಡ್‌ನಿಂದ ಗುಂಪು ಗುಂಪಾಗಿ ತಿದ್ದುತ್ತಿದ್ದೇನೆ. ದಿನಕ್ಕೆ ಒಂದೆರಡು ಫೈಲು ಮುಗಿಯುತ್ತದೆ. ಪೇಜ್‌ಮೇಕರಿನಲ್ಲಿ ಮಾಡಿದ ಪುಸ್ತಕಗಳು ಮಾತ್ರ ಲಿನಕ್ಸಿನಲ್ಲಿ ತೆರೆಯಲು ಒಪ್ಪುತ್ತಿಲ್ಲ. ಅವನ್ನು ಅಂಗಡಿಯ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿನಲ್ಲೇ ತೆರೆದು, ಬರಹವನ್ನು ಬೇರೆ ಮಾಡಿ ತರಬೇಕು. ಅದು ಇನ್ನೂ ಚಾಲೂ ಆಗುತ್ತದಂತೆ. ಮದುವೆ ಸೀಜನ್ ಮುಗಿಯಲಿ, ಒಂದು ಶನಿವಾರ ಬನ್ನಿ ಎಂದಿದ್ದಾರೆ.